ನಾಲ್ಕು ವರ್ಷದ ಸಿಪಾಯಿ



ನಸುಕಿನಲ್ಲಿ ಅಂತೂರ ಬೆಂತೂರದ ರಸ್ತೆಯ ಮೇಲೆ ನಾನು ಅಡ್ಡಾಡಲು ಹೊರಟಾಗ ಹುಡುಗರು ಗುಂಪುಗೂಡಿ ಓಡುತ್ತ ಎದುರಾಗುತ್ತಾರೆ. ನನ್ನನ್ನು ಕಂಡು "ನಮಸ್ಕಾರ್ರೀ ಸರ್" ಎನ್ನುತ್ತಾರೆ, ಆದರೆ ನಿಲ್ಲುವುದಿಲ್ಲ. ಮಳೆಯನ್ನೇ ನಂಬಿದ ಎರೆಹೊಲದ ಮಕ್ಕಳಿವರು. ಸೈನ್ಯದ ಭರ್ತಿಗಾಗಿ ಈ ಓಟ. ಇವರಿಗಿಂತ ಮೊದಲು ಹೀಗೆಯೇ ಓಡಿ ಸೈನ್ಯ ಸೇರಿದ ನನ್ನ ಶಿಷ್ಯರು ಕೆಲವರು ಇಂದು ನಿವೃತ್ತರಾಗಿ, ಪಿಂಚಣಿ ಪಡೆದು, ಊರಿನಲ್ಲಿ ಗೌರವದಿಂದ ಬಾಳುತ್ತಿದ್ದಾರೆ. ಹಿಂದಿನ ಓಟಕ್ಕೂ ಇಂದಿನ ಓಟಕ್ಕೂ ಇರುವ ಅಂತರವೇ ಈ ಲೇಖನದ ವಿಷಯ.

2022ರ ಜೂನ್ 14ರಂದು ಕೇಂದ್ರ ಸರ್ಕಾರವು 'ಅಗ್ನಿಪಥ' ಯೋಜನೆಯನ್ನು ಘೋಷಿಸಿತು. ಅದರ ಪ್ರಕಾರ ಭರ್ತಿಯಾದ ಯುವಕ ನಾಲ್ಕು ವರ್ಷ 'ಅಗ್ನಿವೀರ'ನಾಗಿರುತ್ತಾನೆ. ಆ ಬಳಿಕ ನೂರಕ್ಕೆ ಇಪ್ಪತ್ತೈದು ಜನರಿಗಷ್ಟೇ ಖಾಯಂ ಸೇವೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಗಳ 'ಸೇವಾನಿಧಿ'ಯೊಡನೆ ಮನೆಗೆ ಮರಳಬೇಕು. ಆ ನಿಧಿಯಲ್ಲಿ ಆತನ ಸಂಬಳದಿಂದಲೇ ಕಡಿದ ಹಣವೂ ಸೇರಿದೆ. ಪಿಂಚಣಿಯಿಲ್ಲ, ಗ್ರಾಚ್ಯುಯಿಟಿಯಿಲ್ಲ. ಹಳೆಯ ಪದ್ಧತಿಯಲ್ಲಿ ಹದಿನೈದು ವರ್ಷ ದುಡಿದ ಸಿಪಾಯಿಗೆ ಬದುಕಿರುವವರೆಗೆ ಪಿಂಚಣಿ ದೊರೆಯುತ್ತಿತ್ತು.

ಈ ಯೋಜನೆಯು ಯುವಕನಿಗೆ ಅನ್ಯಾಯ, ದೇಶದ ರಕ್ಷಣೆಗೆ ಅಪಾಯ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸೈನ್ಯವನ್ನು ಪ್ರಶ್ನಿಸುವುದು ದೇಶದ್ರೋಹವೆಂದು ಕೆಲವರು ಮೂಗು ಮುರಿಯಬಹುದು. ನಾನು ಪ್ರಶ್ನಿಸುತ್ತಿರುವುದು ಸೈನಿಕನನ್ನಲ್ಲ, ಅವನ ಬೆಲೆ ಕಟ್ಟಿದವರನ್ನು.

ನಮ್ಮ ನೆರೆಯ ಕುಂದಗೋಳ ತಾಲೂಕಿನ ಬೆಟದೂರನ್ನು ನೀವೆಲ್ಲ ಬಲ್ಲಿರಿ. ಆ ಊರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರನ್ನು ಮರೆತಿರಲಾರಿರಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಹಾಸನ, ಮೈಸೂರು ಜಿಲ್ಲೆಗಳವರೂ ಇದ್ದರು. ಆರು ದಿನಗಳ ಬಳಿಕ ಹನುಮಂತಪ್ಪನವರೊಬ್ಬರು ಜೀವಂತವಾಗಿ ಸಿಕ್ಕಾಗ ನಾಡಿಗೆ ನಾಡೇ ಅವರಿಗಾಗಿ ದೇವರಿಗೆ ಹರಕೆ ಹೊತ್ತಿತು. ಫೆಬ್ರುವರಿ 11ರಂದು ಅವರು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಆಗ ಅವರ ಸೇವೆ ಹದಿಮೂರು ವರ್ಷದ್ದಾಗಿತ್ತು. ಅದರಲ್ಲಿ ಹತ್ತು ವರ್ಷ ಜಮ್ಮು-ಕಾಶ್ಮೀರ, ಈಶಾನ್ಯದಂಥ ಕಠಿಣ ಪ್ರದೇಶಗಳಲ್ಲೇ ಕಳೆದಿತ್ತು. ಅಂಥ ಹಿಮದಲ್ಲಿ ದೇಶ ನಿಲ್ಲಿಸಿದ್ದು ಪಳಗಿದ ಯೋಧನನ್ನು. ಉಸಿರಾಡುವ ಗಾಳಿಯೇ ಸಾಲದ ಎತ್ತರದಲ್ಲಿ ಯಾವ ಬಿರುಕು ಮೋಸದ್ದು, ಕೈಬೆರಳು ಮರಗಟ್ಟಿದಾಗ ಏನು ಮಾಡಬೇಕು ಎಂಬುದನ್ನು ಅನುಭವವೇ ಕಲಿಸಬೇಕು. ಆರು ತಿಂಗಳ ತರಬೇತಿ ಅದನ್ನು ಹೇಗೆ ಕಲಿಸೀತು? ನಾವು ಒಕ್ಕಲಿಗರು. ಹೋರಿಯನ್ನು ನೊಗಕ್ಕೆ ಹೂಡಿ ಪಳಗಿಸಲು ಎಷ್ಟು ತಾಳ್ಮೆ ಬೇಕೆಂಬುದು ನಮಗೆ ಗೊತ್ತು. ಸಾಲು ಹಿಡಿದು ನಡೆಯುವುದನ್ನು ಅದು ಕಲಿತ ವರ್ಷವೇ ಯಾವ ರೈತ ಸಂತೆಗೆ ಹೊಡೆಯುತ್ತಾನೆ?

ಯೋಜನೆಯ ಪರವಾದ ವಾದವನ್ನೂ ಪ್ರಾಮಾಣಿಕವಾಗಿ ನೋಡೋಣ. ಸೈನ್ಯ ಯೌವನದಿಂದ ಕೂಡಿರಬೇಕು, ಸೈನಿಕರ ಸರಾಸರಿ ವಯಸ್ಸು 32ರಿಂದ 26ಕ್ಕೆ ಇಳಿಯಬೇಕು ಎನ್ನುತ್ತಾರೆ. ಕಾರ್ಗಿಲ್ ಪರಾಮರ್ಶೆ ಸಮಿತಿಯೂ ಯುವ ಸೈನ್ಯ ಬೇಕೆಂದಿತ್ತು, ನಿಜ. ಆದರೆ ಆ ಸಮಿತಿ ಸೂಚಿಸಿದ ಸೇವಾವಧಿ ಏಳರಿಂದ ಹತ್ತು ವರ್ಷ. ಏಳು ನಾಲ್ಕಾದದ್ದು ಯಾವ ಗಣಿತದಿಂದ?

ಆ ಗಣಿತ ಖಜಾನೆಯದೆಂದು ನನ್ನ ಅನುಮಾನ. 2025-26ರ ಮುಂಗಡಪತ್ರದಲ್ಲಿ ರಕ್ಷಣೆಗೆಂದು ಇಟ್ಟ ಸುಮಾರು 6.81 ಲಕ್ಷ ಕೋಟಿ ರೂಪಾಯಿಗಳಲ್ಲಿ 1.60 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತದೆ. ಹೊರೆ ದೊಡ್ಡದು, ಒಪ್ಪಿದೆ. ವಿಮಾನ, ಕ್ಷಿಪಣಿಗಳಿಗೆ ಹಣ ಬೇಕು, ಅದನ್ನೂ ಒಪ್ಪಿದೆ. ಆದರೆ ಹೊರೆ ಇಳಿಸಲು ಸರ್ಕಾರಕ್ಕೆ ಸಿಕ್ಕಿದ್ದು ಪಂಕ್ತಿಯಲ್ಲಿ ಎಲ್ಲರಿಗಿಂತ ಕೊನೆಗೆ ಕುಳಿತ ಸಿಪಾಯಿಯ ಎಲೆ ಮಾತ್ರವೇ? ಅಧಿಕಾರಿಗಳ ಭರ್ತಿಗೆ ಈ ಯೋಜನೆ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಿರಿ.

ಅಗ್ನಿವೀರ ಸೇವೆಯಲ್ಲಿ ಮಡಿದರೆ ಕುಟುಂಬಕ್ಕೆ 48 ಲಕ್ಷದ ವಿಮೆಯುಂಟು, ಕರ್ತವ್ಯದ ಮೇಲೆ ಮಡಿದರೆ ಬೇರೆ ಪರಿಹಾರವೂ ಉಂಟು. ಈ ಮೊತ್ತ ಸಣ್ಣದಲ್ಲ. ಆದರೆ ಖಾಯಂ ಸೈನಿಕನ ಮಡದಿಗೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಅವನ ಮನೆಯವರಿಗಿಲ್ಲ. ಅದೇ ಹಿಮದಲ್ಲಿ ಹೂತ ಇಬ್ಬರಿಗೆ ಎರಡು ಲೆಕ್ಕವೆ?

ಇನ್ನು ವಿದೇಶಾಂಗದ ಮಾತು. 1947ರ ತ್ರಿಪಕ್ಷೀಯ ಒಪ್ಪಂದದಂತೆ ನೇಪಾಳದ ಗೂರ್ಖಾ ಯುವಕರು ನಮ್ಮ ಸೈನ್ಯಕ್ಕೆ ಬರುತ್ತಿದ್ದರು. ಅವರ ಪಿಂಚಣಿ ಬೆಟ್ಟದ ಹಳ್ಳಿಗಳಲ್ಲಿ ಭಾರತದ ಬಗೆಗೆ ಪ್ರೀತಿಯನ್ನು ಉಳಿಸಿತ್ತು. 2022ರ ಆಗಸ್ಟಿನಲ್ಲಿ ನೇಪಾಳವು ಭರ್ತಿಯನ್ನು ತಡೆಹಿಡಿಯಿತು. ನಾಲ್ಕು ವರ್ಷದ ಸೇವೆ ಆ ಒಪ್ಪಂದಕ್ಕೆ ಹೊಂದುವುದೆ, ಆಯುಧ ಕಲಿತು ಮರಳುವ ಯುವಕರ ಗತಿಯೇನು ಎಂಬುದು ಅಲ್ಲಿ ಎದ್ದ ಪ್ರಶ್ನೆ. ಉತ್ತರದ ಗಡಿಯಲ್ಲಿ ಚೀನ ಕುಳಿತಿರುವಾಗ ಇಂಥ ನೆರೆಯವನ ಮನಸ್ಸು ಕೆಡಿಸಿಕೊಳ್ಳುವುದು ಜಾಣತನವಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಹಾಗಾದರೆ ಮಾಡಬೇಕಾದದ್ದೇನು? ಸೇವಾವಧಿಯನ್ನು ಕನಿಷ್ಠ ಏಳು ವರ್ಷಕ್ಕೇರಿಸಲಿ. ಅರ್ಧಕ್ಕಿಂತ ಹೆಚ್ಚು ಜನರನ್ನು ಖಾಯಂ ಮಾಡಲಿ. ಮಡಿದವರ ಮನೆಗೆ ಭೇದವಿಲ್ಲದೆ ಪಿಂಚಣಿ ಕೊಡಲಿ. ಮರಳಿ ಬಂದವರಿಗೆ ಅರೆಸೇನಾ ಪಡೆಗಳಲ್ಲಿ ಮೀಸಲಾತಿಯೆಂದು ಹೇಳಿದ್ದನ್ನು ನೇಮಕಾತಿಯ ಆದೇಶ ಕೈಗಿತ್ತು ತೋರಿಸಲಿ.

2022ರಲ್ಲಿ ಬಿಹಾರದಲ್ಲಿ ರೈಲುಗಳಿಗೆ ಬೆಂಕಿಯಿಟ್ಟವರನ್ನು ನಾನು ಸಮರ್ಥಿಸಲಾರೆ. ಸಾರ್ವಜನಿಕ ಆಸ್ತಿ ಸುಟ್ಟವನು ತನ್ನ ವಾದವನ್ನೂ ಸುಟ್ಟುಕೊಳ್ಳುತ್ತಾನೆ. ಆದರೆ ಮತ ಕೇಳಲು ಮನೆಗೆ ಬಂದವರನ್ನು ಕೂಡ್ರಿಸಿ, ಚಹಾ ಕೊಟ್ಟು, ಈ ಪ್ರಶ್ನೆಗಳನ್ನು ಕೇಳಲು ಯಾವ ಅಡ್ಡಿ? ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿದ್ದು, ಯುದ್ಧದ ಸುದ್ದಿ ಬಂದೊಡನೆ ಜೈಕಾರದ ಸಂದೇಶ ಕಳಿಸುವ ನನ್ನ ಶಿಷ್ಯರೂ ಕೇಳಬೇಕು. ನಿಮ್ಮ ಮಕ್ಕಳು ಈ ಓಟದಲ್ಲಿಲ್ಲ. ನಿಮ್ಮೊಡನೆ ಒಂದೇ ಬೆಂಚಿನಲ್ಲಿ ಕುಳಿತವರ ಮಕ್ಕಳು ಇದ್ದಾರೆ.

ನಾಳೆ ನಸುಕಿನಲ್ಲಿ ಅವರು ಮತ್ತೆ ಎದುರಾಗುತ್ತಾರೆ. "ಚೆನ್ನಾಗಿ ಓಡ್ರಪಾ" ಎಂದು ಹರಸುವುದು ಮಾಸ್ತರನಾದ ನನ್ನ ಧರ್ಮ. ಓಡಿ ಗೆದ್ದವನಿಗೆ ಪೂರ್ತಿ ನ್ಯಾಯ ಕೊಡುವುದು ದೇಶದ ಧರ್ಮ.