ಕಾಣದ ಪಕ್ಕವಾದ್ಯ

ನಮ್ಮ ಸಂಗೀತ ಕಛೇರಿಯ ಆಹ್ವಾನಪತ್ರಿಕೆಯಲ್ಲಿ ಗಾಯಕರ ಹೆಸರಿರುತ್ತದೆ; ಪಿಟೀಲು, ಮೃದಂಗ, ಘಟಗಳನ್ನು ನುಡಿಸುವವರ ಹೆಸರಿರುತ್ತದೆ; ಅಧ್ಯಕ್ಷತೆ ವಹಿಸುವವರ ಹೆಸರಂತೂ ದಪ್ಪಕ್ಷರದಲ್ಲಿ ಇದ್ದೇ ಇರುತ್ತದೆ. ಇಲ್ಲದಿರುವುದು ಒಂದೇ ಹೆಸರು: ಮಿಕ್ಸರಿನ ಮುಂದೆ ಕುಳಿತವನದು. ಆದರೆ ಗಾಯನಕ್ಕೆ ಎಷ್ಟು ಪಾಲು, ಮೃದಂಗಕ್ಕೆ ಎಷ್ಟು, ತಂಬೂರಿ ಶ್ರೋತೃಗಳಿಗೆ ಕೇಳಿಸಬೇಕೆ ಬೇಡವೆ ಎಂಬುದನ್ನು ನಿರ್ಣಯಿಸುವವನು ಆತನೇ. ಆತನನ್ನು ಬಾಡಿಗೆಯ ಪೆಟ್ಟಿಗೆಗೆ ಕಾವಲುಗಾರನೆಂದು ಎಣಿಸುವುದನ್ನು ಬಿಟ್ಟು, ಪಕ್ಕವಾದ್ಯಗಾರರಲ್ಲಿ ಒಬ್ಬನೆಂದು ಕಾಣಬೇಕೆಂಬುದು ನನ್ನ ವಾದ.

ವೇದಿಕೆಯ ಮೇಲೆ ಒಂದೆರಡು ಮೈಕುಗಳಷ್ಟೇ ಇದ್ದ ಕಾಲದಲ್ಲಿ ಈ ವಾದಕ್ಕೆ ಇಷ್ಟು ಒತ್ತು ಬೇಕಾಗಿರಲಿಲ್ಲ. ನಾದಗಳು ವೇದಿಕೆಯ ಗಾಳಿಯಲ್ಲಿಯೇ ಬೆರೆತು ಮೈಕನ್ನು ಸೇರುತ್ತಿದ್ದವು. ಈಗಿನ ಡಿಜಿಟಲ್ ಮಿಕ್ಸರಿನ ರೀತಿ ಬೇರೆ. 2012ರಲ್ಲಿ ಮಾರುಕಟ್ಟೆಗೆ ಬಂದ ಬೆರಿಂಜರ್ ಎಕ್ಸ್-32 ಎಂಬುದನ್ನೇ ನೋಡೋಣ. ಅದಕ್ಕೆ 32 ಮೈಕುಗಳನ್ನು ನೇರವಾಗಿ ಸೇರಿಸಬಹುದು. ಸಭೆಗೆ ಹೋಗುವ ಪ್ರಧಾನ ಮಿಶ್ರಣವಲ್ಲದೆ ಬೇರೆ 16 ಮಿಶ್ರಣಗಳನ್ನು ಮಾಡಬಹುದು. ಒಂದೊಂದು ಮೈಕಿಗೆ ಒಂದೊಂದು ಚಾನೆಲ್. ಒಂದೊಂದು ಚಾನೆಲಿಗೂ ತನ್ನದೇ ಆದ ಗೇನ್, ತಗ್ಗುಸ್ವರಗಳನ್ನು ಸೋಸುವ ಜರಡಿ, ಏರಿಳಿತವನ್ನು ಹತ್ತಿಕ್ಕುವ ಕಂಪ್ರೆಸರ್, ಕೊನೆಗೆ ಬೆರಳಿಗೆ ಸಿಕ್ಕುವ ಫೇಡರ್.

ಇಷ್ಟು ಹೊಂದಿಸಿದ ಮೇಲೆ ಎಲ್ಲವನ್ನೂ ಯಂತ್ರದ ನೆನಪಿನಲ್ಲಿ ಉಳಿಸಿ, ಮರುದಿನ ಒಂದು ಗುಂಡಿಯನ್ನೊತ್ತಿ ಹಿಂದಕ್ಕೆ ಕರೆಯಬಹುದು. ಸೌಲಭ್ಯವೇನೋ ದೊಡ್ಡದು, ಅಪಾಯವೂ ಅಲ್ಲಿಯೇ ಇದೆ. ನಿನ್ನೆ ಹಾಡಿದ ಗಾಯಕಿಯ ಆಧಾರ ಷಡ್ಜ ಸುಮಾರು 196 ಹರ್ಟ್ಜ್ ಎಂದಿಟ್ಟುಕೊಳ್ಳೋಣ. ಆಕೆಯ ಮಂದ್ರ ಪಂಚಮ 147ರ ಸಮೀಪ. ಆಕೆಯ ಚಾನೆಲಿನಲ್ಲಿ 120ಕ್ಕಿಂತ ಕೆಳಗಿನದನ್ನು ಸೋಸಿದರೆ ವೇದಿಕೆಯ ಗುಡುಗುಡು ಶಬ್ದ ಹೋಗುತ್ತದೆ, ಗಾಯನಕ್ಕೆ ಕುಂದಿಲ್ಲ. ಇಂದು ಹಾಡುವವರ ಷಡ್ಜ 131. ಅವರ ಮಂದ್ರ ಪಂಚಮ 98. ನಿನ್ನೆಯ ಜರಡಿಯೇ ಇಂದೂ ಉಳಿದರೆ, ಅವರು ಮಂದ್ರಕ್ಕೆ ಇಳಿದಾಗ ಕಂಠದ ಬುಡವೇ ಸವೆದುಹೋಗುತ್ತದೆ. ಕೇಳುವವರು ಗಾಯಕರಿಗೆ ಮಂದ್ರಸ್ಥಾಯಿ ಸಾಲದೆಂದು ತೀರ್ಮಾನಿಸಿ ಮನೆಗೆ ಹೋಗುತ್ತಾರೆ! ಯಂತ್ರಕ್ಕೆ ನೆನಪುಂಟು, ಕಿವಿಯಿಲ್ಲ. ರಾಮನವಮಿಯ ತೆರೆದ ಚಪ್ಪರದಲ್ಲಿ ಸರಿಹೊಂದಿದ್ದು ನಾಲ್ಕು ಗೋಡೆಗಳ ಸಭಾಂಗಣಕ್ಕೆ ಹೊಂದಲಾರದೆಂಬುದನ್ನು ಕಿವಿಯುಳ್ಳವನೇ ತಿಳಿಯಬೇಕು.

ತಪ್ಪೆಲ್ಲ ಆತನದೇ ಎನ್ನುವುದೂ ನ್ಯಾಯವಲ್ಲ. ಕಲಾವಿದರ ಮುಂದಿಡುವ ಮಾನಿಟರ್ ಪೆಟ್ಟಿಗೆಗಳಿಗೆ ಹೋಗುವುದು ಬೇರೆಯೇ ಮಿಶ್ರಣ. ಸಾಮಾನ್ಯವಾಗಿ ಅದನ್ನು ಫೇಡರಿಗಿಂತ ಮೊದಲೇ ಕವಲೊಡೆಸಿರುತ್ತಾರೆ. ಸಭೆಗೆ ದನಿ ಏರಿಸಿದರೂ ವೇದಿಕೆಯಲ್ಲಿ ಅದು ಬದಲಾಗುವುದಿಲ್ಲ. ಗೇನ್ ತಿರುಗಿಸಿದರೆ ಮಾತ್ರ ಎರಡೂ ಕಡೆ ಬದಲಾಗುತ್ತದೆ. ಆದುದರಿಂದ ಗೇನನ್ನು ಕಛೇರಿಗೆ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಅದಕ್ಕೆ ಕಲಾವಿದರು ಅರ್ಧ ಗಂಟೆ ಮುಂಚೆ ಬರಬೇಕಷ್ಟೆ? ಬರುವವರು ಎಷ್ಟು ಮಂದಿ? ಮೊದಲ ವರ್ಣದ ನಡುವೆ ಒಬ್ಬರು ಕೈಯೆತ್ತಿ ‘ಇನ್ನಷ್ಟು ಕೊಡಿ’ ಎಂದು ಸನ್ನೆ ಮಾಡುತ್ತಾರೆ. ಅದನ್ನು ಕಂಡು ಇನ್ನೊಬ್ಬರೂ ಕೇಳುತ್ತಾರೆ. ಮಾನಿಟರಿನ ದನಿ ಮೈಕಿನೊಳಗೆ ಮರಳಿ ನುಗ್ಗುತ್ತದೆ. ಸಭೆಯೆಲ್ಲ ಕಿವಿ ಮುಚ್ಚುವಂತೆ ಕೀರಲು ಏಳುತ್ತದೆ.

ಕೀರಲು ಕ್ಷಣದಲ್ಲಿ ಅಡಗೀತು. ಉಳಿಯುವ ನಷ್ಟ ಅದಕ್ಕಿಂತ ಹಿರಿದು. ಮೃದಂಗದವರು ಗಾಯಕರ ಉಸಿರನ್ನು, ಪಿಟೀಲಿನವರು ಗಮಕದ ತಿರುವನ್ನು ಹಿಂಬಾಲಿಸುವುದೇ ನಮ್ಮ ಕಛೇರಿಯ ಜೀವ. ಪ್ರತಿಯೊಬ್ಬರೂ ತಮ್ಮ ನಾದವನ್ನೇ ತಮಗೆ ಎತ್ತಿ ಕೇಳಿಸಿಕೊಳ್ಳತೊಡಗಿದರೆ ವೇದಿಕೆಯ ಮೇಲೆ ನಾಲ್ಕು ಏಕಾಂತಗಳು ಕುಳಿತಂತಾಗುತ್ತದೆ. ಅದನ್ನು ಯಾವ ಫೇಡರೂ ಮರಳಿ ಕೂಡಿಸಲಾರದು. ಪಾಶ್ಚಾತ್ಯ ಮಾದರಿಯ ವಾದ್ಯವೃಂದಗಳಲ್ಲಿ ಢಕ್ಕೆಯ ಅಬ್ಬರದ ನಡುವೆ ಗಾಯಕನಿಗೆ ಪ್ರತ್ಯೇಕ ಮಿಶ್ರಣ ಅನಿವಾರ್ಯವಾದೀತು. ನಾಲ್ಕೈದು ಮಂದಿ ಒಂದೇ ಜಮಖಾನೆಯ ಮೇಲೆ ಕೂಡುವ ನಮ್ಮ ಕಛೇರಿಗೆ ಗಾಯನವೂ ತಂಬೂರಿಯೂ ಬೆರೆತ ಒಂದೇ ಮಿಶ್ರಣ, ಮೆಲುವಾಗಿ, ಬಹುಮಟ್ಟಿಗೆ ಸಾಕು.

ಸಂಘಟಕರಿಗೆ ನನ್ನ ವಿನಂತಿ ಇಷ್ಟೇ. ಮಿಕ್ಸರನ್ನು ಪರದೆಯ ಮರೆಯಿಂದ ಶ್ರೋತೃಗಳ ನಡುವಿಗೆ ತನ್ನಿ. ಅಲ್ಲಿ ಕೇಳದವನು ಅಲ್ಲಿಗೆ ಬೇಕಾದುದನ್ನು ಹೇಗೆ ಬಡಿಸಿಯಾನು? ಮೊದಲು ತಂಬೂರಿ, ಆಮೇಲೆ ಕಂಠ, ಅನಂತರ ಉಳಿದವು ಎಂಬ ಕ್ರಮದಲ್ಲಿ ಹೊಂದಿಸಲು ಆತನಿಗೆ ಕಾಲಾವಕಾಶ ಕೊಡಿ. ಸಂಗೀತದ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಿಗೆ ಈ ವಿದ್ಯೆಯನ್ನೂ ಕಲಿಸಲಿ. ಸ್ವರಜ್ಞಾನವುಳ್ಳ ಹುಡುಗರು ಕೆಲವರಾದರೂ ಆ ಕುರ್ಚಿಗೆ ಬರಲಿ. ಮುಂದಿನ ಆಹ್ವಾನಪತ್ರಿಕೆಯಲ್ಲಿ, ಮೃದಂಗದವರ ಹೆಸರಿನ ಕೆಳಗೆ, ಆತನ ಹೆಸರನ್ನೂ ಅಚ್ಚು ಮಾಡಿಸಿ. ಹೆಸರು ಬಿದ್ದ ಮೇಲೆ ಹೊಣೆಯೂ ತಾನಾಗಿ ಬರುತ್ತದೆ.