ಬೀಳುವ ಯಂತ್ರದ ಬೆಲೆ

ಕೊಂಡ ದಿನವೇ ಹಣವನ್ನು ಎಣಿಸಿಕೊಟ್ಟು ಋಣ ಹರಿದುಕೊಳ್ಳಬಹುದಾದ ವಸ್ತುಗಳು ಲೋಕದಲ್ಲಿ ಹಲವುಂಟು. ಪಂದ್ಯದ ಡ್ರೋನ್ ಆ ಜಾತಿಗೆ ಸೇರಿದುದಲ್ಲ. ಅದರ ಬೆಲೆಯ ಒಂದು ಪಾಲು ಅಂಗಡಿಯಲ್ಲಿಯೂ ಉಳಿದ ಪಾಲು ಅದು ಬಿದ್ದ ಬಯಲಿನಲ್ಲಿಯೂ ಸಂದಾಯವಾಗತಕ್ಕದ್ದು. ಮತ್ತು ಅದು ಬಿದ್ದೇ ಬೀಳುವುದೆಂಬುದರಲ್ಲಿ, ಹಾರಿಸುವವನು ಎಂತಹ ಜಾಣನೇ ಆಗಿರಲಿ, ಸಂಶಯಕ್ಕೆ ಎಡೆಯಿಲ್ಲ. ಈ ಸಂಗತಿಯನ್ನು ಮರೆತು, ಬೆಲೆಯ ಚೀಟಿಯನ್ನಷ್ಟೇ ನೋಡಿ ಅಗ್ಗ ತುಟ್ಟಿಗಳನ್ನು ನಿರ್ಣಯಿಸಿದವರು ಕೊನೆಗೆ ಇಮ್ಮಡಿ ಖರ್ಚು ಮಾಡಿ, ವರ್ಷ ತುಂಬುವುದರೊಳಗೆ ಮುರಿದ ಯಂತ್ರವನ್ನು ಅಟ್ಟಕ್ಕೇರಿಸಿ, ಹವ್ಯಾಸಕ್ಕೇ ಕೈಮುಗಿಯುವುದನ್ನು ನಾನು ಕಂಡಿದ್ದೇನೆ. ಆದಕಾರಣ ಮಗನೋ ಮಗಳೋ ಇಂತಹದೊಂದು ಯಂತ್ರ ಬೇಕೆಂದು ಹಟ ಹಿಡಿದಾಗ ತಂದೆತಾಯಿಗಳು ಮೊದಲು ವಿಚಾರಿಸಬೇಕಾದದ್ದು, ಅದು ಒಮ್ಮೆ ಬಿದ್ದರೆ ಎಷ್ಟಾಗುತ್ತದೆ ಎಂಬುದನ್ನು.

ಮದುವೆಯ ಮಂಟಪದ ಮೇಲೆ ಸುಳಿದಾಡಿ ಚಿತ್ರ ತೆಗೆಯುವ ಡ್ರೋನಿನ ಮಾತು ಇದಲ್ಲ. ಆ ಸಾಧುಜೀವಿಗೆ ಉಪಗ್ರಹಗಳ ನೆರವಿನಿಂದ ತನ್ನ ನೆಲೆ ತನಗೆ ತಿಳಿಯುತ್ತದೆ. ನಿಯಂತ್ರಕದ ಕಡ್ಡಿಯಿಂದ ಕೈ ತೆಗೆದರೆ ಇದ್ದಲ್ಲಿಯೇ ನಿಂತು ಮುಂದಿನ ಅಪ್ಪಣೆಗಾಗಿ ಕಾಯುತ್ತದೆ. ಪಂದ್ಯದ ಡ್ರೋನಿಗೆ ಆ ವಿವೇಕವನ್ನು ಬೇಕೆಂದೇ ಕೊಟ್ಟಿಲ್ಲ. ವೇಗದ ಕಡ್ಡಿಯನ್ನು ಕೆಳಗಿಳಿಸಿದರೆ ಅದು ಕಲ್ಲಿನಂತೆ ಬೀಳುತ್ತದೆ. ಓರೆ ಮಾಡಿದರೆ ಓರೆಯಾಗಿಯೇ ಇರುತ್ತದೆ. ನೆಟ್ಟಗಾಗಿಸುವ ಹೊಣೆ ಹಾರಿಸುವವನದೇ. ಅವನಾದರೋ ಯಂತ್ರದ ಮೂತಿಯಲ್ಲಿರುವ ಪುಟ್ಟ ಕ್ಯಾಮರಾ ಕಂಡದ್ದನ್ನು ಗಾಗಲ್ಸಿನಲ್ಲಿ ನೋಡುತ್ತ, ಪಂದ್ಯದ ದಾರಿಯ ಕಮಾನುಗಳ ಒಳಗಿಂದ ಅದನ್ನು ನುಸುಳಿಸಬೇಕು. ಐದಂಗುಲದ ಪ್ರೊಪೆಲ್ಲರಿನ ಸಾಮಾನ್ಯ ಯಂತ್ರವೊಂದು ಬ್ಯಾಟರಿ ಸಹಿತ ಸುಮಾರು 650 ಗ್ರಾಂ ತೂಗುತ್ತದೆ; ಗಂಟೆಗೆ 120 ಕಿಲೋಮೀಟರ್ ವೇಗ ಅದಕ್ಕೆ ದೊಡ್ಡದಲ್ಲ. ಆ ವೇಗದಲ್ಲಿ ಅದರೊಳಗೆ ಅಡಗಿರುವ ಶಕ್ತಿಯನ್ನು ಲೆಕ್ಕ ಹಾಕಿದರೆ, 140 ಕಿಲೋಮೀಟರ್ ವೇಗದಲ್ಲಿ ಬೌಲರನ ಕೈಬಿಟ್ಟ ಕ್ರಿಕೆಟ್ ಚೆಂಡಿನ ಶಕ್ತಿಯ ಮೂರರಷ್ಟು ಬರುತ್ತದೆ. ಚೆಂಡಿಗಾದರೂ ತಿರುಗುವ ಅಲಗುಗಳಿಲ್ಲ. ಇಂತಹದನ್ನು ಹೊಸಬನ ಕೈಗೆ ಮೊದಲ ದಿನವೇ ಒಪ್ಪಿಸುವುದು ಹಣಕ್ಕೂ ಕೇಡು, ಮೈಗೂ ಕೇಡು.

ಆದರೆ ಎಳೆಯರ ಆಸೆಗೆ ಆಧಾರವಿಲ್ಲದಿಲ್ಲ. 2016ರ ಮಾರ್ಚಿನಲ್ಲಿ ದುಬೈಯಲ್ಲಿ ನಡೆದ ಪಂದ್ಯದಲ್ಲಿ ಎರಡೂವರೆ ಲಕ್ಷ ಡಾಲರಿನ ಬಹುಮಾನ ಗೆದ್ದ ತಂಡದ ಚಾಲಕ, ಬ್ರಿಟನ್ನಿನ ಲ್ಯೂಕ್ ಬ್ಯಾನಿಸ್ಟರನಿಗೆ ಆಗ 15 ವರ್ಷ. 2018ರಲ್ಲಿ ಚೀನದ ಶೆನ್‌ಜೆನ್ನಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ಗೆದ್ದ ಆಸ್ಟ್ರೇಲಿಯದ ರೂಡಿ ಬ್ರೌನಿಂಗನಿಗೂ ಅಷ್ಟೇ ವಯಸ್ಸು. ಇಲ್ಲಿ ಗೆಲ್ಲುವುದು ಬೆರಳುಗಳ ಅಭ್ಯಾಸ. ಆ ಅಭ್ಯಾಸವನ್ನು ಒಂದು ಗ್ರಾಂ ಇಂಗಾಲದ ನಾರನ್ನೂ ಮುರಿಯದೆ ಗಳಿಸುವ ಮಾರ್ಗವುಂಟು.

ಮೊದಲು ಕೊಳ್ಳತಕ್ಕದ್ದು ಡ್ರೋನನ್ನಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಮೊದಲು ಬೇಕಾದದ್ದು ರೇಡಿಯೋ, ಅಂದರೆ ಕೈಯಲ್ಲಿ ಹಿಡಿಯುವ ನಿಯಂತ್ರಕ. ಅದನ್ನು ಯುಎಸ್‌ಬಿ ತಂತಿಯಿಂದ ಮನೆಯ ಕಂಪ್ಯೂಟರಿಗೆ ಜೋಡಿಸಿ, ಲಿಫ್ಟಾಫ್ ಅಥವಾ ವೆಲೋಸಿಡ್ರೋನಿನಂತಹ ಸಿಮ್ಯುಲೇಟರಿನಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳು ಬಿದ್ದು ಎದ್ದರೆ, ಆ ಪತನಗಳಿಗೆಲ್ಲ ತೆರುವ ದಂಡ ಒಂದು ಗುಂಡಿಯನ್ನು ಒತ್ತುವ ಶ್ರಮ ಮಾತ್ರ. ಇದನ್ನು ಮಕ್ಕಳಾಟವೆಂದು ಹೀಗಳೆಯುವವರು ಒಂದು ವಿಷಯವನ್ನು ಗಮನಿಸಬೇಕು: ಜ್ಯೂರಿಕ್ ವಿಶ್ವವಿದ್ಯಾಲಯದವರು ರೂಪಿಸಿದ ಸ್ವಿಫ್ಟ್ ಎಂಬ ಸ್ವಯಂಚಾಲಿತ ಡ್ರೋನ್ ಬಹುಪಾಲು ವಿದ್ಯೆಯನ್ನು ಸಿಮ್ಯುಲೇಟರಿನಲ್ಲಿಯೇ ಕಲಿತು, ಅನಂತರ ನಿಜವಾದ ಅಂಗಳದಲ್ಲಿ ಮನುಷ್ಯರ ಪೈಕಿ ಚಾಂಪಿಯನ್ನರಾದವರನ್ನೇ ಸೋಲಿಸಿತು, 2023ರಲ್ಲಿ ಆ ವೃತ್ತಾಂತವು ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದಲ್ಲದೆ, ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ಎಂಬ ಮುಕ್ತ ಪದ್ಧತಿಯ ರೇಡಿಯೋವನ್ನು ಆರಿಸಿದರೆ, ಅದು ಮುಂದೆ ಕೊಳ್ಳುವ ಅಥವಾ ಕಟ್ಟುವ, ಅದೇ ಪದ್ಧತಿಯ ರಿಸೀವರ್ ಇರುವ ಎಲ್ಲ ಡ್ರೋನುಗಳಿಗೂ ಒದಗುತ್ತದೆ. ಏಳೆಂಟು ಸಾವಿರ ರೂಪಾಯಿಗೆ ದೊರೆಯುವ ಈ ವಸ್ತು ಬೀಳುವುದೂ ಇಲ್ಲ, ಮುರಿಯುವುದೂ ಇಲ್ಲ. ಎರಡು ತಿಂಗಳಲ್ಲಿ ಬೇಸರ ಹುಟ್ಟಿದರೆ ನಷ್ಟವೂ ಅಷ್ಟಕ್ಕೇ ನಿಂತಿತು. ತಂದೆಯಾದವನಿಗೆ ಇದಕ್ಕಿಂತ ಅಗ್ಗದ ಪರೀಕ್ಷೆ ಸಿಗಲಾರದು.

ಇದಾದ ಮೇಲೆ, ಅಂಗೈಯಲ್ಲಿ ಕೂರುವ ವೂಪ್ ಎಂಬ ಪುಟ್ಟ ಡ್ರೋನ್ ಒಂದನ್ನು ಹಾರಿಸಿ ನೋಡಬಹುದು. ಒಂದೇ ಸೆಲ್ಲಿನ ಬ್ಯಾಟರಿ, ಪ್ರೊಪೆಲ್ಲರುಗಳ ಸುತ್ತ ಪ್ಲಾಸ್ಟಿಕ್ಕಿನ ಬಳೆ, ಒಟ್ಟು ತೂಕ ಮೂವತ್ತು ಗ್ರಾಮಿನ ಆಸುಪಾಸು. ಗೋಡೆಗೆ ಬಡಿದರೆ ಗೋಡೆಯ ಸುಣ್ಣ ಹೋದೀತು, ಅಷ್ಟೆ. ಮಳೆಗಾಲದಲ್ಲಿ ಹೊರಗೆ ಹಾರಿಸಲಾಗದ ಮಲೆನಾಡಿನ ಮನೆಗಳಿಗೆ ಇದು ಹೇಳಿ ಮಾಡಿಸಿದ್ದು.

ಇನ್ನು ನಿಜವಾದ ಪಂದ್ಯದ ಯಂತ್ರ. ಕೊಳ್ಳುವುದು ಲೇಸೋ ಕಟ್ಟುವುದು ಲೇಸೋ ಎಂಬ ಚರ್ಚೆ ಪರದೇಶಗಳಲ್ಲಿ ಇನ್ನೂ ನಡೆದಿದೆ; ನಮ್ಮಲ್ಲಿ ಸರ್ಕಾರವೇ ಅದನ್ನು ಬಹುಮಟ್ಟಿಗೆ ಮುಗಿಸಿಬಿಟ್ಟಿದೆ. 2022ರ ಫೆಬ್ರವರಿ 9ರಂದು ಕೇಂದ್ರವು ಸಿದ್ಧ ಡ್ರೋನುಗಳ ಆಮದನ್ನು, ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿಟ್ಟು ತಂದರೂ ಸಹ, ನಿಷೇಧಿಸಿತು. ಸಂಶೋಧನೆಗೂ ರಕ್ಷಣೆಗೂ ವಿನಾಯಿತಿಯಿತ್ತು, ಘಟಕಗಳ ಆಮದಿಗೆ ಅಡ್ಡಿ ಮಾಡಲಿಲ್ಲ. ಆದುದರಿಂದ ಚೀನದ ಪ್ರಸಿದ್ಧ ಕಂಪನಿಗಳ ಸಿದ್ಧ ಯಂತ್ರವನ್ನು ‘ಹೇಗೋ ತರಿಸಿಕೊಡುತ್ತೇನೆ’ ಎನ್ನುವವನ ಮಾತಿಗೆ ಮರುಳಾಗಿ ಮುಂಗಡ ಕೊಡುವುದು ಅವಿವೇಕ. ಮಾಲು ಸುಂಕದ ಕಟ್ಟೆಯಲ್ಲಿ ನಿಂತರೆ ಬಿಡಿಸಿಕೊಳ್ಳಲು ದಾರಿಯಿಲ್ಲ. ಈ ನಿಷೇಧವನ್ನು ಹವ್ಯಾಸಿಗಳು ಶಪಿಸುವುದುಂಟು. ನನಗಾದರೋ ಅದರಿಂದ ಅನುದ್ದೇಶಿತವಾದ ಉಪಕಾರವೊಂದು ಆಗಿದೆಯೆಂದು ತೋರುತ್ತದೆ. ಏಕೆಂದರೆ ತಾನೇ ಬೆಸೆದ ಯಂತ್ರ ಮುರಿದಾಗ ಮುರಿದದ್ದು ಎಲ್ಲಿ, ಅದಕ್ಕೆ ತಗಲುವುದೆಷ್ಟು ಎಂಬುದು ಕಟ್ಟಿದವನಿಗೆ ನೋಡಿದೊಡನೆ ತಿಳಿಯುತ್ತದೆ. ಕೊಂಡವನಿಗೆ ಯಂತ್ರ ಪೂರ್ತಿಯಾಗಿ ಸತ್ತಂತೆಯೇ ಕಾಣುತ್ತದೆ.

ಕಟ್ಟುವ ಖರ್ಚು, ಈಗಿನ ಪೇಟೆಯ ಧಾರಣೆಯಲ್ಲಿ, ಡ್ರೋನೊಂದಕ್ಕೇ ಇಪ್ಪತ್ತರಿಂದ ಇಪ್ಪತ್ತೈದು ಸಾವಿರ ರೂಪಾಯಿ. ರೇಡಿಯೋ, ಗಾಗಲ್ಸ್, ಚಾರ್ಜರ್, ಎರಡು ಮೂರು ಬ್ಯಾಟರಿ ಸೇರಿದರೆ ಸುಮಾರು ಐವತ್ತು ಸಾವಿರ. ಈ ಹಣವನ್ನು ಹಂಚುವಾಗ ಬೀಳುವ ಭಾಗಕ್ಕೆ ಮಿತವಾಗಿಯೂ ಬೀಳದ ಭಾಗಕ್ಕೆ ಧಾರಾಳವಾಗಿಯೂ ಕೊಡಬೇಕೆಂಬುದೇ ನನ್ನ ಸೂತ್ರ. ಚೌಕಟ್ಟು ಇಂಗಾಲದ ನಾರಿನದು, ತೋಳುಗಳು ಐದು ಮಿಲಿಮೀಟರ್ ದಪ್ಪವಾಗಿರಲಿ. ಮುರಿದ ತೋಳೊಂದನ್ನೇ ಬಿಚ್ಚಿ ಬದಲಿಸುವಂತಿರಲಿ, ಆ ಬಿಡಿತೋಳು ನಮ್ಮ ದೇಶದ ಅಂಗಡಿಯಲ್ಲಿ ದೊರೆಯುವಂತಿರಲಿ. ಮೂರು ಸಾವಿರದ ಚೌಕಟ್ಟಿಗೆ ಬಿಡಿತೋಳು ಸಿಗದಿದ್ದರೆ ಅದು ದುಬಾರಿಯೇ ಸರಿ. ಚಿತ್ರವನ್ನು ಕಳುಹಿಸುವುದಕ್ಕೆ ಹಳೆಯ ಅನಲಾಗ್ ಪದ್ಧತಿಯೇ ಸಾಕು. ಡಿಜಿಟಲ್ ಚಿತ್ರ ಮನೋಹರವಾದುದು, ನಿಜ. ಆದರೆ ಮರದ ಕೊಂಬೆಗೆ ಬಡಿದು ಒಡೆಯುವ ಪ್ರೇಷಕಕ್ಕೆ ಅಲ್ಲಿ ಹಲವು ಪಟ್ಟು ಬೆಲೆ. ಸಂಕೇತ ದುರ್ಬಲವಾದಾಗ ಅನಲಾಗ್ ಚಿತ್ರದಲ್ಲಿ ಹಿಮ ಸುರಿದಂತಾಗುತ್ತದೆಯೇ ವಿನಾ ಚಿತ್ರ ಹೆಪ್ಪುಗಟ್ಟಿ ನಿಲ್ಲುವುದಿಲ್ಲ. ಪಂದ್ಯಗಳಲ್ಲಿ ಪ್ರೇಷಕದ ಬಲ ಸಾಮಾನ್ಯವಾಗಿ 25 ಮಿಲಿವ್ಯಾಟ್ ಮಾತ್ರವಾದುದರಿಂದ, ಒಂದು ವ್ಯಾಟ್ ಎರಡು ವ್ಯಾಟ್ ಎಂದು ಜಂಬ ಕೊಚ್ಚುವ ಮಾಲಿಗೆ ಹೆಚ್ಚಿನ ಹಣ ತೆರಬೇಕಾದ ಕಾರಣವೂ ಇಲ್ಲ.

ಮೋಟಾರಿನ ವಿಷಯದಲ್ಲಿ ಒಂದು ಸಣ್ಣ ಯುಕ್ತಿಯುಂಟು. ಇಂದು ಪಂದ್ಯಗಳಲ್ಲಿ ಆರು ಸೆಲ್ಲಿನ ಬ್ಯಾಟರಿಯೇ ರೂಢಿ. ಹೊಸಬನಿಗೆ ನಾಲ್ಕು ಸೆಲ್ಲಿನದು ಬೆಲೆಯಲ್ಲಿಯೂ ಬಲದಲ್ಲಿಯೂ ಹಗುರ. ಆರು ಸೆಲ್ಲಿಗೆಂದೇ ಮಾಡಿದ 1950 ಕೆವಿಯ ಮೋಟಾರನ್ನೂ, ಆರು ಸೆಲ್ಲನ್ನು ತಾಳಬಲ್ಲ, ಮೋಟಾರಿನ ವೇಗವನ್ನು ನಿಯಂತ್ರಿಸುವ ಇಎಸ್‌ಸಿಯನ್ನೂ ಮೊದಲೇ ಕೊಂಡು, ಆರಂಭದಲ್ಲಿ ನಾಲ್ಕು ಸೆಲ್ಲಿನಿಂದ ಹಾರಿಸುವುದು ಲೇಸು. ಕೆವಿ ಎಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಎಣಿಕೆ. ಪೂರ್ತಿ ತುಂಬಿದ ನಾಲ್ಕು ಸೆಲ್ 16.8 ವೋಲ್ಟಾದುದರಿಂದ, ಹೊರೆಯಿಲ್ಲದ ಮೋಟಾರು ಸುಮಾರು ಮೂವತ್ತಮೂರು ಸಾವಿರ ಸುತ್ತು ತಿರುಗುತ್ತದೆ. ಆರು ಸೆಲ್ಲಿನ 25.2 ವೋಲ್ಟಿಗೆ ಅದೇ ಮೋಟಾರು ನಲವತ್ತೊಂಬತ್ತು ಸಾವಿರ ಮುಟ್ಟುತ್ತದೆ. ಕೈ ಪಳಗಿದ ಮೇಲೆ ಬ್ಯಾಟರಿಯನ್ನಷ್ಟೇ ಬದಲಿಸಿದರೆ ಯಂತ್ರ ಹೊಸದಾದಂತೆಯೇ. ಇದೆಲ್ಲವನ್ನೂ ಸಮತೋಲದಲ್ಲಿ ಇಡುವ ಬೀಟಾಫ್ಲೈಟ್ ಎಂಬ ತಂತ್ರಾಂಶಕ್ಕೆ ಬಿಡಿಗಾಸು ಕೊಡಬೇಕಾಗಿಲ್ಲ. ನಿಂಟೆಂಡೊ ಕಂಪನಿಯ ವೀ ಆಟಿಕೆಯನ್ನು ಬಿಚ್ಚಿ ಅದರೊಳಗಿನ ಗೈರೋವನ್ನು ಹಾರುವ ಯಂತ್ರಕ್ಕೆ ಕಟ್ಟಿದ ಹವ್ಯಾಸಿಗಳ ಮಲ್ಟಿವೀ ಎಂಬ ಕೆಲಸ ಈ ಮುಕ್ತ ವಂಶಾವಳಿಯ ಮೂಲದಲ್ಲಿದೆ. ಬಡವನ ಜಾಣ್ಮೆಯಿಂದ ಹುಟ್ಟಿದ ವಿದ್ಯೆ ಇದೆಂಬುದನ್ನು ಮರೆಯಲಾಗದು.

ಇನ್ನು ಕಟ್ಟುವ ಕೆಲಸ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನುಗಳ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಿ ಒಳ್ಳೆಯ ಸೋಲ್ಡರಿಂಗ್ ಐರನ್ ಕೊಳ್ಳಲು ಜಿಪುಣತನ ಮಾಡಬಾರದು. ಬ್ಯಾಟರಿಯ ದಪ್ಪ ತಂತಿಯನ್ನು ಸರ್ಕ್ಯೂಟ್ ಹಲಗೆಗೆ ಬೆಸೆಯುವುದೇ ಈ ಕೆಲಸದಲ್ಲೆಲ್ಲ ಕಠಿನವಾದುದು. ಆ ತಂತಿಯೂ ಅದರ ಕೆಳಗಿನ ತಾಮ್ರವೂ ಶಾಖವನ್ನು ಹೀರಿಬಿಡುವುದರಿಂದ, ತೆಳು ಮೊನೆಯ ಅಗ್ಗದ ಐರನ್ ಎಷ್ಟು ಹೊತ್ತು ಒತ್ತಿದರೂ ಸೋಲ್ಡರ್ ಮೇಲೆ ಮೇಲೆ ಉಂಡೆಗಟ್ಟಿ, ನೋಡಲು ಹತ್ತಿದಂತಿದ್ದು, ಎಳೆದರೆ ಕೈಗೆ ಬರುತ್ತದೆ. ಉಳಿಯಂತೆ ಅಗಲವಾದ ಮೊನೆ ಬೇಕು. 63ಕ್ಕೆ 37ರ ತವರ-ಸೀಸದ ಸೋಲ್ಡರ್ 183 ಡಿಗ್ರಿಯಲ್ಲಿ ಕರಗುವುದಾದರೂ ಐರನ್ನನ್ನು ಸುಮಾರು 400ರಲ್ಲಿ ಇಟ್ಟಿರಬೇಕು. ಹಲಗೆಯ ಮೇಲೂ ತಂತಿಯ ತುದಿಗೂ ಬೇರೆಬೇರೆಯಾಗಿ ಸೋಲ್ಡರ್ ಹತ್ತಿಸಿಕೊಂಡು, ಅನಂತರ ಎರಡನ್ನೂ ಕೂಡಿಸಿ ಕಾಯಿಸಬೇಕು. ಎರಡೂ ಒಂದಾಗಿ ಕರಗಿ ತಂತಿ ಒಳಕ್ಕೆ ಕುಸಿದು ಕೂರುವುದು ಕಣ್ಣಿಗೆ ಕಾಣುತ್ತದೆ. ಅಲ್ಲಾಡಿಸದೆ ಆರಲು ಬಿಟ್ಟರೆ ಬೆಸುಗೆ ಹೊಳೆಯುತ್ತದೆ. ಮೋಟಾರನ್ನು ತೋಳಿಗೆ ಬಿಗಿಯುವ ಸ್ಕ್ರೂ ಒಂದೆರಡು ಮಿಲಿಮೀಟರ್ ಹೆಚ್ಚು ಉದ್ದವಾದರೂ ಒಳಗಿನ ತಾಮ್ರದ ಸುರುಳಿಯನ್ನು ಚುಚ್ಚಿ ಮೋಟಾರನ್ನೂ ಇಎಸ್‌ಸಿಯನ್ನೂ ಒಟ್ಟಿಗೆ ಸುಡುತ್ತದೆ. ಬಿಗಿದ ಮೇಲೆ ಬದಿಯಿಂದ ಬೆಳಕು ಹಾಯಿಸಿ, ಸ್ಕ್ರೂವಿನ ತುದಿಗೂ ಸುರುಳಿಗೂ ನಡುವೆ ಸಂದು ಇದೆಯೇ ಎಂದು ನೋಡುವುದಕ್ಕೆ ಒಂದು ನಿಮಿಷವೂ ಬೇಡ. ಇಂಗಾಲದ ನಾರು ವಿದ್ಯುತ್ತನ್ನು ಹರಿಯಗೊಡುವುದರಿಂದ, ತೋಳಿನ ಅಂಚಿಗೆ ಉಜ್ಜಿ ಹೊದಿಕೆ ಸವೆದ ತಂತಿಯೂ ಇದೇ ಅನಾಹುತ ಮಾಡೀತು. ಮೊದಲ ಸಲ ವಿದ್ಯುತ್ ಕೊಡುವಾಗ ಪ್ರೊಪೆಲ್ಲರುಗಳನ್ನು ಕಳಚಿ, ಬ್ಯಾಟರಿಯ ದಾರಿಯಲ್ಲಿ ಬೈಕಿನ ಇಂಡಿಕೇಟರ್ ಬಲ್ಬೊಂದನ್ನು ಸೇರಿಸಬೇಕು. ಎಲ್ಲಿಯಾದರೂ ಷಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿದು ಹಲಗೆಯನ್ನು ಉಳಿಸುತ್ತದೆ. ಎಲ್ಲವೂ ಸರಿಯಿದ್ದರೆ ಕ್ಷಣಕಾಲ ಮಿನುಗಿ ಮಂಕಾಗುತ್ತದೆ. ಕೆಲವೇ ರೂಪಾಯಿಯ ಬಲ್ಬು ಎಂಟು ಸಾವಿರದ ಹಲಗೆಗೆ ಜಾಮೀನು.

ಬೆಂಕಿ ಹತ್ತಿಕೊಳ್ಳಬಲ್ಲ ಲಿಪೋ ಬ್ಯಾಟರಿ, ಅದರ ಚಾರ್ಜರುಗಳಲ್ಲಿ ಉಳಿತಾಯ ಕೂಡದು. 1500 ಎಂಎಎಚ್ ಬ್ಯಾಟರಿಯನ್ನು ಒಂದೂವರೆ ಆಂಪಿಯರಿಗಿಂತ ವೇಗವಾಗಿ ಚಾರ್ಜ್ ಮಾಡದಿರುವುದು, ಹಾರಿಸುವಾಗ ಸೆಲ್ಲೊಂದಕ್ಕೆ ಮೂರೂವರೆ ವೋಲ್ಟ್ ಆದೊಡನೆ ಯಂತ್ರವನ್ನು ನೆಲಕ್ಕಿಳಿಸುವುದು, ಹಾರಿಸದ ದಿನಗಳಲ್ಲಿ 3.8 ವೋಲ್ಟಿನಲ್ಲಿ ಇಡುವುದು, ಉಬ್ಬಿದ್ದನ್ನು ಮತ್ತೆ ಮುಟ್ಟದಿರುವುದು—ಇಷ್ಟು ಸಾಕು.

ಹಾರಿಸುವ ಸ್ಥಳದ ವಿಷಯಕ್ಕೆ ಬಂದರೆ, ತೊಡಕು ಹಣದ್ದಲ್ಲ. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ಉದಾರವಾದುವು: ಎರಡು ಕಿಲೋಗ್ರಾಮಿನವರೆಗಿನ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಡ, ಯಂತ್ರದ ನೋಂದಣಿಯೂ, ಪೂರ್ವಾನುಮತಿ ಕೇಳದ ಹಸಿರು ವಲಯವೂ ಇದ್ದರೆ ಸಾಕು. ಆದರೆ ವಿಮಾನನಿಲ್ದಾಣದ ಎಲ್ಲೆಯಿಂದ ಎಂಟು ಕಿಲೋಮೀಟರಿನೊಳಗೆ ನೆಲದಿಂದಲೇ ಅನುಮತಿ ಬೇಕಾಗುವುದರಿಂದ, ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿಗಳ ನಡುವೆ ಸಿಕ್ಕಿಕೊಂಡ ಬೆಂಗಳೂರಿನ ಹುಡುಗನಿಗೆ ಮುಕ್ತವಾದ ಆಕಾಶ ಸುಲಭವಾಗಿ ದಕ್ಕುವುದಿಲ್ಲ. ಗಾಗಲ್ಸ್ ಧರಿಸಿದವನಿಗೆ ಸುತ್ತಲಿನ ಜನ ಕಾಣದಿರುವುದರಿಂದ, ಬರಿಗಣ್ಣಿನಲ್ಲಿ ಯಂತ್ರವನ್ನು ಹಿಂಬಾಲಿಸುವ ಜೊತೆಗಾರನೊಬ್ಬ ಪಕ್ಕದಲ್ಲಿ ಇರಲೇಬೇಕು. ಬಡಾವಣೆಯ ಉದ್ಯಾನಗಳು ಇದಕ್ಕೆ ತಕ್ಕ ಸ್ಥಳವೇ ಅಲ್ಲ.

ಇಲ್ಲಿಯೇ ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಮಾಡಬಹುದಾದ ಉಪಕಾರವೊಂದುಂಟು. ಹಸಿರು ವಲಯದಲ್ಲಿ ಮೈದಾನವಿರುವ ಕಾಲೇಜುಗಳು ಎಷ್ಟೋ ಇವೆ. ಭಾನುವಾರದ ಬೆಳಗ್ಗೆ ಅಲ್ಲಿ ಸಾಮಾನ್ಯವಾಗಿ ಕಾವಲುಗಾರನ ಹೊರತು ಯಾರೂ ಇರುವುದಿಲ್ಲ. ಒಂದು ಬದಿಗೆ ಬಲೆ, ಒಂದು ಬೆಸುಗೆಯ ಮೇಜು, ಉರಿಯುವ ಬ್ಯಾಟರಿಯನ್ನು ಹಾಕಲು ಮರಳಿನ ಬಕೀಟು—ಇಷ್ಟನ್ನು ಒದಗಿಸಿ ಹೊರಗಿನ ಹೈಸ್ಕೂಲು ಮಕ್ಕಳಿಗೂ ಬಾಗಿಲು ತೆರೆದರೆ, ಚಾರ್ಜರು, ಐರನ್, ಬಿಡಿಭಾಗಗಳು ನಾಲ್ವರಿಗೆ ಒಂದೇ ಸಾಕಾಗುತ್ತವೆ. ಒಬ್ಬ ಹಾರಿಸುವಾಗ ಇನ್ನೊಬ್ಬ ಕಾವಲಿರುವುದರಿಂದ ಗಾಗಲ್ಸೂ ಇಬ್ಬರ ನಡುವೆ ಒಂದೇ ಸಾಕು. ಆಗ ತಲೆಗೆ ಐವತ್ತು ಸಾವಿರವಾಗುತ್ತಿದ್ದ ಖರ್ಚು ಸಾಕಷ್ಟು ಇಳಿಯುತ್ತದೆ.