ಮನೆಯೊಳಗಣ ಪ್ರಯೋಗಶಾಲೆ



ಹೈಸ್ಕೂಲಿನ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ನಾನು ನಿಮ್ಮಿಂದ ಹೇಳಿಸುತ್ತಿದ್ದ ವಾಕ್ಯವೊಂದು ನಿಮ್ಮಲ್ಲಿ ಬಹಳ ಮಂದಿಗೆ ನೆನಪಿರಬಹುದು. 'ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕೆ ಸುರಿಯಬಾರದು.' ಹೇಳದೆ ಒಳನುಗ್ಗಿದವರನ್ನು ಮತ್ತೆ ಹೊರಗೆ ಕಳುಹಿಸುತ್ತಿದ್ದೆ. ಹೀಗೆ ೩೪ ವರ್ಷ ಕಾವಲು ನಿಂತವನು, ನಿವೃತ್ತನಾದ ಮೇಲೆ ನನ್ನದೇ ಮನೆಯ ಹಿತ್ತಿಲ ಕೋಣೆಯಲ್ಲಿ ನಿಯಮಗಳನ್ನೆಲ್ಲ ಮುರಿದು ಅದರ ಫಲವನ್ನು ಉಂಡೆ. ಇದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೆ ಈ ಬೇಸಗೆಯಲ್ಲಿ ಮಕ್ಕಳ ಶಿಬಿರವೊಂದಕ್ಕೆ ಬಂದು ರೆಸಿನ್ ಚಿತ್ರಕಲೆಯನ್ನು ಹೇಳಿಕೊಡಬೇಕೆಂದು ಪರಿಚಿತರು ಕೇಳಿದಾಗ ನಾನು ಒಲ್ಲೆನೆಂದೆ. 'ಮೇಷ್ಟ್ರಿಗೆ ಈಗ ಬಿಗುಮಾನ' ಎಂಬ ಮಾತು ಕಿವಿಗೆ ಬಿತ್ತು. ಆದುದರಿಂದ ಕಾರಣವನ್ನು ತಿಳಿಸುವುದು ನನ್ನ ಕರ್ತವ್ಯವೆಂದುಕೊಂಡಿದ್ದೇನೆ.

ಮೊದಲು ಈ ಕಲೆಯ ಸೊಗಸನ್ನು ಹೇಳಿಬಿಡುತ್ತೇನೆ. ಜಪಾನಿನ ನಗೋಯಾದಲ್ಲಿ ೧೯೭೩ರಲ್ಲಿ ಹುಟ್ಟಿದ ರಿಯುಸುಕೆ ಫುಕಾಹೊರಿ ಎಂಬ ಕಲಾವಿದರಿದ್ದಾರೆ. ೨೦೦೦ದಲ್ಲಿ, ಕಲೆಯನ್ನೇ ತೊರೆಯಬೇಕೆಂದು ನಿರಾಶರಾಗಿದ್ದಾಗ, ಮನೆಯ ತೊಟ್ಟಿಯಲ್ಲಿ ತಾವು ಅಲಕ್ಷಿಸಿದ್ದ ಗೋಲ್ಡ್ ಫಿಶ್ ಒಂದರ ಕೆಂಪು ಬೆನ್ನು ಅವರ ಕಣ್ಣಿಗೆ ಬಿದ್ದಿತಂತೆ. ಅಂದಿನಿಂದ ಅವರು ಬಿಡಿಸುತ್ತ ಬಂದದ್ದು ಆ ಮೀನುಗಳನ್ನೇ. ಅಕ್ಕಿ ಅಳೆಯುವ 'ಮಸು' ಎಂಬ ಚೌಕನೆಯ ಮರದ ಪೆಟ್ಟಿಗೆಯಲ್ಲಿ ಪಾರದರ್ಶಕ ರೆಸಿನ್ನನ್ನು ಪದರ ಪದರವಾಗಿ ಸುರಿದು, ಪ್ರತಿ ಪದರದ ಮೇಲೂ ಮೀನಿನ ಒಂದೊಂದು ಭಾಗವನ್ನು ಬರೆಯುತ್ತಾರೆ. ಮೇಲಿನಿಂದ ನೋಡಿದರೆ ಪೆಟ್ಟಿಗೆಯಲ್ಲಿ ತಿಳಿನೀರಿದೆ, ಅದರೊಳಗೆ ಜೀವಂತ ಮೀನಿದೆ!

ವಿಧಾನ ಕೇಳಲು ಸರಳ. ಎಪಾಕ್ಸಿ ಎಂಬುದು ಎರಡು ದ್ರವಗಳ ಜೋಡಿ. ಒಂದು ರೆಸಿನ್, ಇನ್ನೊಂದು ಅದನ್ನು ಗಟ್ಟಿಗೊಳಿಸುವ ಹಾರ್ಡನರ್. ಮುರಿದ ಪಿಂಗಾಣಿಯನ್ನು ಕೂಡಿಸಲು ಎರಡು ಟ್ಯೂಬುಗಳ ಅಂಟನ್ನು ಬೆಂಕಿಕಡ್ಡಿಯಲ್ಲಿ ಕಲಸಿದವರೆಲ್ಲ ಇದರ ಸೋದರನನ್ನು ಕಂಡವರೇ. ತಯಾರಕರು ಹೇಳಿದ ಪ್ರಮಾಣದಲ್ಲಿ ಅಳೆದು, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ಕೆಲವೇ ಮಿಲಿಮೀಟರು ಎತ್ತರಕ್ಕೆ ಸುರಿಯಬೇಕು. ಅದು ನೀರಿನಂತೆ ಆರಿ ಗಟ್ಟಿಯಾಗುವುದಲ್ಲ. ಎರಡು ದ್ರವಗಳ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಆಗ ಶಾಖ ಹುಟ್ಟುತ್ತದೆ. ಒಮ್ಮೆಗೇ ದಪ್ಪವಾಗಿ ಸುರಿದರೆ ಕಾವು ಹೊರಹೋಗಲಾರದೆ ಬಿರುಕು ಬಿಡುತ್ತದೆ, ಹೊಗೆಯೂ ಏಳಬಹುದು. ಗಟ್ಟಿಯಾಗುವ ತನಕ, ಅಂದರೆ ಸುಮಾರು ಒಂದು ದಿನ, ಕಾದು ಅಕ್ರಿಲಿಕ್ ಬಣ್ಣದಲ್ಲಿ ಬರೆಯಬೇಕು. ಬಣ್ಣ ಪೂರ್ತಿ ಆರಿದ ಮೇಲೆ ಮತ್ತೊಂದು ಪದರ. ಕೆಳಗೆ ಹೊಟ್ಟೆಯ ಈಜುರೆಕ್ಕೆಗಳು, ಅವುಗಳ ಮೇಲೆ ಮೈ, ಆಮೇಲೆ ಹುರುಪೆ, ಕಟ್ಟಕಡೆಗೆ ಬೆನ್ನಿನ ರೆಕ್ಕೆ. ಮೇಲಿನ ಬಣ್ಣದ ನೆರಳು ಕೆಳಗಿನ ಪದರದ ಮೇಲೆ ಬೀಳುವುದರಿಂದಲೇ ಕಣ್ಣಿಗೆ ಆಳದ ಭ್ರಮೆ ಹುಟ್ಟುವುದು. ಈ ಆಳವನ್ನು ಯಾರೂ ಬರೆಯುವುದಿಲ್ಲ, ಬೆಳಕೇ ಬರೆಯುತ್ತದೆ!

ನನಗೆ ಇದರ ಹುಚ್ಚು ಹತ್ತಿದ್ದು ೨೦೨೨ರ ಬೇಸಗೆಯಲ್ಲಿ. ಅವರದು ಮಸುವಾದರೆ ನನ್ನದು ತಾಯಿಯ ಕಾಲದ ಹಿತ್ತಾಳೆಯ ಸೇರು. ಅದರಲ್ಲಿ ಶೃಂಗೇರಿಯ ತುಂಗೆಯ ಮೀನನ್ನು ಬರೆಯಬೇಕೆಂಬುದು ನನ್ನ ಆಸೆ. ಬಾಲ್ಯದಲ್ಲಿ ಅಪ್ಪನ ಕೈ ಹಿಡಿದು ಆ ಸೋಪಾನದ ಮೇಲೆ ನಿಂತು ಮಂಡಕ್ಕಿ ಎಸೆದಾಗ, ಕಪ್ಪು ಬೆನ್ನುಗಳು ಆಳದಿಂದ ಒಂದರ ಮೇಲೊಂದು ಎದ್ದು ಬರುತ್ತಿದ್ದವಲ್ಲ, ಆ ನೋಟ! ಮೀನನ್ನು ನಾವು ಅಲ್ಲಿ ಮೇಲಿನಿಂದಲೇ ನೋಡುವುದು. ಈ ಕಲೆಗೂ ಅದೇ ಬೇಕು.

ಈಗ ತಪ್ಪಿನ ಕಥೆ. ನಮ್ಮ ಮಲೆನಾಡಿನ ಮಳೆಗಾಲವನ್ನು ನೀವು ಬಲ್ಲಿರಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಗಟ್ಟಿಯಾಗುತ್ತಿರುವ ಎಪಾಕ್ಸಿಯ ಮೇಲೆ ಜಿಡ್ಡಿನಂತಹ ಮಸುಕು ಪೊರೆ ಕಟ್ಟಿಕೊಳ್ಳುತ್ತದೆ. ಹಿತ್ತಿಲ ಕಡೆಯಿಂದ ಹುಳುಗಳು ಬೇರೆ ಹಾರಿಬಂದು ಅದರಲ್ಲಿ ಅಂಟಿಕೊಳ್ಳುತ್ತವೆ. ಹಾಗಾಗಿ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಕುಳಿತೆ. ಪದರಗಳು ಕನ್ನಡಿಯಂತೆ ಬಂದವು, ಹಿಗ್ಗಿದೆ. ಚಿತ್ರಕ್ಕೆ ಹಿತವಾದದ್ದು ಚಿತ್ರಕಾರನಿಗೆ ಅಹಿತವೆಂಬ ವಿಚಾರ, ರಸಾಯನ ವಿಜ್ಞಾನ ಕಲಿಸಿದವನ ತಲೆಗೆ ಹೊಳೆಯಲಿಲ್ಲ. ಕಡು ವಾಸನೆಯಿಲ್ಲವಲ್ಲ, ಇನ್ನೇನು ಭಯ! ಡಬ್ಬದ ಮೇಲೆ 'ನಾನ್ ಟಾಕ್ಸಿಕ್' ಎಂದು ಬೇರೆ ಬರೆದಿತ್ತು. ಕೈಗವಸು ನೆನಪಾದರೆ ಹಾಕಿಕೊಂಡೆ, ಇಲ್ಲವಾದರೆ ಇಲ್ಲ. ಬೆರಳಿಗೆ ಅಂಟಿದ್ದನ್ನು ಥಿನ್ನರಿನಿಂದ ಒರೆಸಿಕೊಂಡೆ. ಥಿನ್ನರು ಚರ್ಮದ ಜಿಡ್ಡನ್ನು ತೆಗೆದು ರೆಸಿನ್ನಿಗೆ ಒಳದಾರಿ ಮಾಡಿಕೊಡುತ್ತದೆ ಎಂಬುದು ನನಗೆ ಗೊತ್ತಿರಬೇಕಾಗಿತ್ತು.

ಒಂದು ವರ್ಷ ಏನೂ ಆಗಲಿಲ್ಲ. ೨೦೨೩ರ ಮಳೆಗಾಲದಲ್ಲಿ ಬೆರಳ ಸಂದುಗಳಲ್ಲಿ ತುರಿಕೆ ಆರಂಭವಾಯಿತು. ಕಾಡುಗಿಡ ಸೋಕಿರಬೇಕೆಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ಬಳಿಕ ಒಂದು ಬೆಳಗ್ಗೆ ಕಣ್ಣುರೆಪ್ಪೆಗಳೆರಡೂ ಊದಿ ಕಣ್ಣು ತೆರೆಯಲಾಗಲಿಲ್ಲ. ಚರ್ಮವೈದ್ಯರು ಬೆನ್ನಿಗೆ ಚಿಕ್ಕ ಪಟ್ಟಿಗಳನ್ನು ಅಂಟಿಸಿ ಪ್ಯಾಚ್ ಟೆಸ್ಟ್ ಮಾಡಿದರು. ಎಪಾಕ್ಸಿಯ ಪಟ್ಟಿಯಿದ್ದ ಜಾಗ ಕೆಂಪಾಗಿ ಉಬ್ಬಿತ್ತು. ಈ ಅಲರ್ಜಿಯ ಸ್ವಭಾವವೇ ಹೀಗೆ. ಮೊದಲ ದಿನ ಕಾಣಿಸಿಕೊಳ್ಳಬೇಕೆಂದಿಲ್ಲ. ಹಲವು ಸಲ ಸೋಕಿದ ಮೇಲೆ ದೇಹವು ಒಂದು ದಿನ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಗುರುತಿಟ್ಟುಕೊಂಡಿತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. ಆಮೇಲೆ ಅತ್ಯಲ್ಪವೂ ಸಾಕು, ತುರಿಕೆ ಮರಳುತ್ತದೆ.

ನಾನು ಅಂಜಿದ್ದು ಅದಕ್ಕಲ್ಲ. ಆ ವರ್ಷದ ಬೇಸಗೆ ರಜೆಯಲ್ಲಿ ಬಂದಿದ್ದ ಮೊಮ್ಮಗ, ಎಂಟು ವರ್ಷದ ಹುಡುಗ, ಪಕ್ಕದಲ್ಲಿಯೇ ಕುಳಿತು ಐಸ್‌ಕ್ರೀಮ್ ಕಡ್ಡಿಯಿಂದ ನನಗೆ ರೆಸಿನ್ ಕಲಸಿಕೊಡುತ್ತಿದ್ದ. ಬರಿಗೈಯಲ್ಲಿ. 'ಅಜ್ಜ, ಸಕ್ಕರೆ ಪಾಕದ ಹಾಗಿದೆ' ಎನ್ನುತ್ತಿದ್ದ. ವೈದ್ಯರ ಮಾತು ಕೇಳಿ ಬಂದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಪುಣ್ಯವಶಾತ್ ಅವನಿಗೆ ಈತನಕ ಏನೂ ಆಗಿಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಬೇರೊಬ್ಬ ಮೇಷ್ಟ್ರು ಹೀಗೆ ಮಾಡಿದ್ದರೆ ನಾನು ಅವರನ್ನು ಕ್ಷಮಿಸುತ್ತಿದ್ದೆನೇ?

ಶಿಬಿರದವರು ನನ್ನೊಡನೆ ವಾದಿಸಿದರು. 'ಎಷ್ಟೋ ಜನ ಮನೆಯಲ್ಲಿ ಮಾಡುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ' ಎಂದರು. ಎಲ್ಲರಿಗೂ ಆಗುವುದಿಲ್ಲ, ನಿಜ. ಯಾರಿಗೆ ಆಗುತ್ತದೆಂದು ಮುಂಚಿತವಾಗಿ ತಿಳಿಯುವುದಿಲ್ಲ, ಅದೂ ನಿಜ. ಮೂವತ್ತು ಮಕ್ಕಳನ್ನು ಕೂರಿಸಿಕೊಂಡು ಆ ಲೆಕ್ಕ ಹಾಕುವ ಧೈರ್ಯ ನನಗಿಲ್ಲ. 'ಡಬ್ಬದ ಮೇಲೆಯೇ ಬರೆದಿದೆಯಲ್ಲ' ಎಂದರು. ಪೂರ್ತಿ ಗಟ್ಟಿಯಾದ ರೆಸಿನ್ ಬಹುಮಟ್ಟಿಗೆ ನಿರಪಾಯಕಾರಿ, ದ್ರವರೂಪದ್ದು ಹಾಗಲ್ಲ. ಡಬ್ಬದ ಮುಂಭಾಗದ ಆ ಎರಡು ಪದಗಳು ಈ ವ್ಯತ್ಯಾಸವನ್ನು ಹೇಳುವುದಿಲ್ಲ. 'ಹಾಗಾದರೆ ಕಲೆಯನ್ನೇ ಬಿಟ್ಟುಬಿಡಬೇಕೇ' ಎಂದೂ ಕೇಳಿದರು. ಖಂಡಿತ ಬೇಡ. ಆಮ್ಲವಿದೆಯೆಂದು ನಾವು ಪ್ರಯೋಗಶಾಲೆಗೆ ಬೀಗ ಹಾಕಿದೆವೇ?

ನನ್ನ ಅಭಿಪ್ರಾಯ ಇಷ್ಟು. ಕಾರ್ಖಾನೆಯಲ್ಲಿ ಇದೇ ದ್ರವಗಳನ್ನು ಬಳಸುವವರಿಗೆ ನಿಯಮಗಳಿವೆ, ಪಾಲಿಸಿದ್ದಾರೆಯೇ ಎಂದು ನೋಡುವವರಿದ್ದಾರೆ. ಮನೆಯಲ್ಲಿ ಯಾರಿದ್ದಾರೆ? 'ಹವ್ಯಾಸ' ಎಂಬ ಹೆಸರು ಬಂದೊಡನೆ ವಸ್ತುವಿನ ಸ್ವಭಾವ ಬದಲಾಗುವುದಿಲ್ಲ, ನಮ್ಮ ಎಚ್ಚರ ಮಾತ್ರ ಸಡಿಲವಾಗುತ್ತದೆ. ಪ್ರೀತಿಯಿಂದ ಮಾಡುವ ಕೆಲಸದಲ್ಲಿ ಭಯವಿರುವುದಿಲ್ಲ, ಅದೇ ಅಪಾಯ. ಆದುದರಿಂದ ಮನೆಯಲ್ಲಿ ಇದನ್ನು ಮಾಡುವವರು ಆ ಕೋಣೆಯನ್ನು ಪ್ರಯೋಗಶಾಲೆಯೆಂದೇ ಭಾವಿಸಬೇಕು. ಅಡುಗೆಮನೆಯಲ್ಲಿ ಮಾಡಬಾರದು, ಅಲ್ಲಿಯ ಪಾತ್ರೆ, ಚಮಚಗಳನ್ನು ಮುಟ್ಟಬಾರದು. ಕೈಗೆ ನೈಟ್ರೈಲ್ ಕೈಗವಸು ಬೇಕು. ರಬ್ಬರಿನ ತೆಳು ಲೇಟೆಕ್ಸ್ ಸಾಲದು, ರೆಸಿನ್ ತಗಲಿದ ಕೈಗವಸನ್ನು ಕೂಡಲೇ ಬದಲಿಸಬೇಕು. ಚರ್ಮಕ್ಕೆ ತಾಗಿದರೆ ಸೋಪು ನೀರು, ಥಿನ್ನರು ಎಂದಿಗೂ ಅಲ್ಲ. ಬಟ್ಟೆಯ ಮಾಸ್ಕು ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಉಳ್ಳ ಮಾಸ್ಕು ಸಿಗುತ್ತದೆ. ಗಾಳಿಯನ್ನು ಹೊರಕ್ಕೆಳೆಯುವ ಫ್ಯಾನು ಬೇಕು. ಉಪ್ಪುಕಾಗದದಿಂದ ಉಜ್ಜುವುದಾದರೆ ದೂಳೇಳದಂತೆ ನೀರು ಹಾಕಿ ಉಜ್ಜಬೇಕು. ಮಳೆಗಾಲದಲ್ಲಿ ಕಿಟಕಿ ತೆರೆಯಲಾಗದಿದ್ದರೆ ಕೆಲಸವನ್ನೇ ನಿಲ್ಲಿಸಿ, ಬಿಸಿಲಿಗಾಗಿ ಕಾಯಬೇಕು. ಇನ್ನು ಮಕ್ಕಳು, ಅವರು ಬಣ್ಣ ಹಚ್ಚಲಿ, ಗಾಜಿನ ಹಾಳೆಗಳ ಮೇಲೆ ಮೀನಿನ ಒಂದೊಂದು ಭಾಗ ಬರೆದು, ಅಂಚಿಗೆ ಟೇಪು ಸುತ್ತಿದ ಆ ಹಾಳೆಗಳನ್ನು ನಡುವೆ ಸಂದು ಬಿಟ್ಟು ಜೋಡಿಸಲಿ. ನೆರಳೂ ಆಳವೂ ಅಲ್ಲಿಯೂ ಕಾಣುತ್ತವೆ. ಶಿಬಿರಕ್ಕೆ ಅದನ್ನು ಹೇಳಿಕೊಡುತ್ತೇನೆಂದೆ. ಅದಕ್ಕೆ ಹೊಳಪು ಸಾಲದೆಂದು ಅವರು ಒಪ್ಪಲಿಲ್ಲ.

ನನ್ನ ಸೇರಿನಲ್ಲಿ ಆರು ಪದರಗಳಾಗಿವೆ. ಹೊಟ್ಟೆ, ಮೈ, ಹುರುಪೆ ಎಲ್ಲ ಮೂಡಿವೆ. ಬೆನ್ನಿನ ರೆಕ್ಕೆ ಇಲ್ಲ. ಮನೆಗೆ ಬಂದವರು ಬಗ್ಗಿ ನೋಡಿ ಬಹಳ ಚೆನ್ನಾಗಿದೆ ಎನ್ನುತ್ತಾರೆ, ಕೊರತೆ ಯಾರಿಗೂ ಕಾಣುವುದಿಲ್ಲ. ಹೋದ ರಜೆಯಲ್ಲಿ ಮೊಮ್ಮಗ ಮಾತ್ರ ಗುರುತಿಸಿದ. 'ಉಳಿದದ್ದನ್ನು ನಾನು ಸುರಿಯಲೇ, ಅಜ್ಜ?' ಎಂದು ಕೇಳಿದ. ದೊಡ್ಡವನಾದ ಮೇಲೆ ನೋಡೋಣವೆಂದೆ. ಅಲ್ಲಿಯ ತನಕ ಹಿತ್ತಿಲ ಕೋಣೆಯ ಬಾಗಿಲಲ್ಲಿ ಒಂದು ನಿಯಮಪಟ್ಟಿ ಅಂಟಿಸಿದ್ದೇನೆ. ಅದನ್ನು ಗಟ್ಟಿಯಾಗಿ ಓದದೆ ಯಾರೂ ಒಳಗೆ ಹೋಗುವಂತಿಲ್ಲ. ನಾನೂ ಅಷ್ಟೆ.